ಮಂಕಾದ ತಗಡು

ಟಲ್ಸಾ ಊರಿನ ತಗಡಿನ ಅಂಗಡಿಯಲ್ಲಿ ನನ್ನ ಸರದಿಗೆ ಕಾದಿದ್ದೆ. ಮುಂದೆ ಗಂಡ ಹೆಂಡತಿ ನಿಂತಿದ್ದರು. ಕಾರಿನ ಹಿಂದೆ ಕಟ್ಟಿ ಎಳೆಯುವ, ಒಳಗೆ ಮಲಗಿ ಅಡುಗೆ ಮಾಡಿಕೊಳ್ಳುವ ಹಳೆಯ ಪ್ರವಾಸದ ಟ್ರೈಲರಿನ ಮಗ್ಗುಲು ಹರಿದಿದೆಯಂತೆ, ತೇಪೆ ಹಾಕಲು ಅಲ್ಯೂಮಿನಿಯಂ ಆರಿಸುತ್ತಿದ್ದರು.

“ಈ ಕನ್ನಡಿಯಂಥದ್ದು ತಗೋ, ವೆಂಡೆಲ್. ನಮ್ಮಪ್ಪನ ಟ್ರೈಲರ್ ಅಂದ್ರೆ ಹೊಳಪು.”

“ಆ ಮಂಕಾದದ್ದೇ ಸಾಕು, ಲಾರ್ನಾ.”

“ಕೋಳಿಗೂಡು ಕಟ್ತೀಯೇನು? ಶನಿವಾರ ಟ್ರೈಲರ್ ಮೇಳಕ್ಕೆ ಅಪ್ಪ ಸ್ನೇಹಿತರನ್ನೆಲ್ಲ ಕರೆದಿದ್ದಾರೆ.”

“ಮಂಕಾದದ್ದೇ ಹೊಂದುತ್ತೆ.”

“ಯಾವುದಕ್ಕೆ ಹೊಂದುತ್ತೆ?”

ಅವನು ತಗಡಿನ ಅಂಚು ಸವರುತ್ತ ನಿಂತ.

“ಅದಕ್ಕೇನಾ ಟ್ರೈಲರಿಗೆ ಮುಸುಕು ಹಾಕಿಟ್ಟಿದ್ದು? ಏನು ಮಾಡ್ದೆ ಹೇಳು.”

“ಬೇಗ ಹೊಳೀಲಿ ಅಂತ ಮರಳುಕಾಗದದ ಮೆಷಿನ್ ಹಿಡಿದೆ. ಮೇಲಿನ ಹೊಳೆಯೋ ತೆಳು ಪದರ ಎದ್ದುಹೋಯ್ತು. ಇನ್ನು ಎಷ್ಟು ಉಜ್ಜಿದ್ರೂ ಹೊಳೆಯಲ್ಲ.”

“ಒಂದೇ ಮಗ್ಗುಲಾ?”

“ಸುತ್ತಲೂ.”

“ಅಯ್ಯೋ ದೇವರೇ! ಅಪ್ಪ ಬಟ್ಟೆ ಹಿಡಿದು ಕೈಯಲ್ಲೇ ಉಜ್ಜುತ್ತಿದ್ರು. ನನಗೂ ಮುಟ್ಟೋಕೆ ಬಿಡ್ತಿರಲಿಲ್ಲ. ನಿನ್ನ ನಂಬಿ ಕೊಟ್ರು.”

“ಗೊತ್ತು. ಮುಖ ತೋರಿಸೋಕೆ ಆಗದೆ ಸುಮ್ಮನಿದ್ದೆ. ಬೆಳ್ಳಿಬಣ್ಣ ಹೊಡೆದುಬಿಡ್ಲಾ?”

“ಅವರ ಕಣ್ಣಿಗೆ ಬಣ್ಣ ಗೊತ್ತಾಗಲ್ವೇನೋ, ಪೆದ್ದ?” ಅವಳು ಅಂಗಡಿಯವನ ಕಡೆ ತಿರುಗಿದಳು. “ಇವ್ರೇ, ಆ ಮಂಕಾದದ್ದೇ ಕೊಡಿ.”

“ನಿಮ್ಮಪ್ಪಂಗೆ ಯಾರು ಹೇಳೋದು?”

“ನೀನೇ. ನಾನು ಪಕ್ಕದಲ್ಲಿ ನಿಂತಿರ್ತೀನಿ.”

“ಶನಿವಾರ ಹೇಳಿದ್ರೆ ಆಗಲ್ವಾ?”

“ಅಷ್ಟು ಜನರ ಮುಂದೆ ಆ ಮುದುಕನ್ನ ನಿಲ್ಲಿಸಿ ಮುಸುಕು ತೆಗೀತೀಯಾ? ಈಗಲೇ ಹೋಗೋಣ. ಹಿಡಿ ಆ ಕಡೆ.”

ಒಬ್ಬೊಬ್ಬರು ಒಂದೊಂದು ತುದಿ ಹಿಡಿದು ತಗಡು ಎತ್ತಿದರು. ಅವನು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಅವಳ ಹಿಂದೆ ಹೊರಟ.