ಬಾಗಿಲು ಬಡಿದವನು

ವರ್ಸಾಯ್ ಅರಮನೆಯಲ್ಲಿ, ದೊರೆಯ ಕೋಣೆಯ ಹೊರಗೆ ನಾವೆಲ್ಲ ಕಾಯುತ್ತಿದ್ದೆವು. ನನ್ನ ಪಕ್ಕದಲ್ಲಿ ಹಳ್ಳಿಯ ಜಮೀನ್ದಾರ ಎತ್ತಿಯೆನ್, ಮತ್ತು ಅರಮನೆಯಲ್ಲೇ ನೆಲೆಸಿರುವ ಅವನ ಸೋದರಮಾವ ಗಾಸ್ಪಾರ್. ಎತ್ತಿಯೆನ್ ಆಗಷ್ಟೇ ಹೋಗಿ ಆ ಕೋಣೆಯ ಬಾಗಿಲು ಬಡಿದು ಬಂದಿದ್ದ.

“ಬಡಿದೇ ಬಿಟ್ಟೆಯಲ್ಲೋ. ಇಲ್ಲಿ ಕಿರುಬೆರಳಿನ ಉಗುರಲ್ಲಿ ಮೆಲ್ಲಗೆ ಕೆರೀಬೇಕು.”

“ಬೆಕ್ಕಿನ ಹಾಗಾ, ಮಾವ?”

“ನಗಬೇಡ. ದೊಡ್ಡ ದೊಡ್ಡ ಮನೆತನದೋರೇ ಅದಕ್ಕಂತ ಉಗುರು ಬೆಳೆಸಿದಾರೆ.”

“ಅಪ್ಪ ಸೆರೆಮನೇಲಿ ರಕ್ತ ಕೆಮ್ತಿದಾರೆ. ನನಗೆ ಉಗುರಿನ ಯೋಚನೆ ಎಲ್ಲಿಂದ ಬರ್ಬೇಕು?”

“ನಿಮ್ಮಪ್ಪನಿಗೂ ಹೇಳಿದ್ದೆ, ದಿನಾ ಬಂದು ದೊರೆಗಳ ಕಣ್ಣಿಗೆ ಬೀಳು ಅಂತ. ಹೊಲ ನೋಡ್ಕೋಬೇಕು ಅಂದ.”

“ಅದೂ ಅಪರಾಧವಾ?”

“ಮೆಲ್ಲಗೆ ಮಾತಾಡು.”

ಬಾಗಿಲು ತೆರೆಯಿತು. ದ್ವಾರಪಾಲಕ ಹೊರಬಂದ.

“ಬಡಿದೋರು ಯಾರು ಅಂತ ದೊರೆಗಳು ಕೇಳ್ತಿದಾರೆ.”

“ನಾನು,” ಎಂದು ಎತ್ತಿಯೆನ್ ಎದ್ದು ನಿಂತ.

“ನಿಮ್ಮ ಕಡೆಯೋರಾ, ಗಾಸ್ಪಾರ್ ಅವರೇ?”

“ಅಲ್ಲಪ್ಪ. ಇವರನ್ನ ನಾನು ನೋಡೇ ಇಲ್ಲ.”

“ಹಾಗಿದ್ರೆ ಇವರನ್ನ ಹೊರಗೆ ಕಳಿಸ್ಬೇಕು.”

“ಮಾವ, ಅಪ್ಪನ ಹೆಸರನ್ನಾದ್ರೂ ಒಂದ್ಸಲ ಒಳಗೆ ಹೇಳಿ.”

“ಯಾರಪ್ಪನ ಹೆಸರು, ಸ್ವಾಮೀ?” ಎಂದ ಗಾಸ್ಪಾರ್.

ಎತ್ತಿಯೆನ್‌ನ ಕೈಯಿಂದ ಟೋಪಿ ಜಾರಿ ಬಿತ್ತು. ದ್ವಾರಪಾಲಕ ಬಗ್ಗಿ ಅದನ್ನೆತ್ತಿ, ಧೂಳು ಕೊಡವಿ, ಅವನ ಕೈಗೆ ಕೊಟ್ಟ. ಆಮೇಲೆ ತೋಳು ಹಿಡಿದು ಮೆಟ್ಟಿಲಿಳಿಸಿಕೊಂಡು ಹೋದ.