ಎಮ್ಮೆ ಏಳೋ ರೀತಿ

ಅಲ್ಲಲ್ಲ, ಕ್ಯಾಮೆರಾನ ಹಾಸಿಗೆ ಮೇಲೆ ಇಡಬೇಡ ಸೋಮಲಿಂಗ, ಧೂಳು. ಇಲ್ಲಿ ಕೊಡು... ಇದೇನಾ? ನಿಮ್ಮ ಸ್ಟುಡಿಯೋದೋರು ಮದುವೆಗಳಿಗೆ ಹೊತ್ಕೊಂಡು ಹೋಗ್ತಿದ್ದದ್ದು? ಏನೋ ಭಾರಿ ಅಂದ್ಕೊಂಡಿದ್ದೆ. ನಮ್ಮ ಹೇರೋಹಳ್ಳೀಲಿ ಮುದುಕೀರ ಎಲೆಅಡಿಕೆ ಡಬ್ಬಿ ಇದಕ್ಕಿಂತ ದೊಡ್ಡದಿರುತ್ತೆ. ಯಾಕೆ ಹಂಗೆ ನೋಡ್ತೀಯ? ತಮಾಷೆಗೆ ಅಂದೆ.

ಗೊತ್ತು, ಗೊತ್ತು. ಐದು ಗಂಟೆಗೆ ವಾಪಸ್ ಇಡಬೇಕು. ವೀಡಿಯೋ ಬಂದ ಮೇಲೆ ನಿಮ್ಮ ಓನರ್‌ಗೆ ಈ ರೀಲು ಕ್ಯಾಮೆರಾ ಬೇಡವಾಯ್ತು, ನಾಳೆ ಯಾರೋ ಬಂದು ತಗೊಂಡು ಹೋಗ್ತಾರೆ. ಇವತ್ತೊಂದೇ ದಿನ. ಒಳಗೆ ಬಂದಾಗಿನಿಂದ ಮೂರು ಸಲ ಹೇಳಿದೀಯ. ಕೂತ್ಕೊ, ಟೀ ಕುಡಿ. ನನ್ನ ಚಿತ್ರ ಎಲ್ಲೂ ಓಡಿಹೋಗಲ್ಲ.

ಎಷ್ಟು ನಿಮಿಷ ಅಂದಿದ್ದೆ ನಿಂಗೆ? ನಾಲ್ಕಾ... ಹೂಂ. ನಾಲ್ಕು ಅಂತಿಟ್ಕೊ.

ಮೂರು ವರ್ಷ ಗುರು. ಹಗಲೆಲ್ಲ ಲಾರಿ ಹಿಂದೆ ಕೂತು 'ಹಾರನ್ ಮಾಡಿ' ಬರೆಯೋದು, ರೂಮಿಗೆ ಬಂದು ಈ ಓಡಾಡೋ ಬೊಂಬೆ ಚಿತ್ರ. ಬೊಂಬಾಯಿಯೋರಿಗೆ ಚಿತ್ರ ಬರೆಯೋಕೆ ಗಾಜಿನಂಥ ಹಾಳೆ ಫಾರಿನ್ನಿಂದ ಬರುತ್ತಂತೆ. ನಂಗೆ? ನರ್ಸಿಂಗ್ ಹೋಮಿನಲ್ಲಿ ಕಸ ಗುಡಿಸೋ ಜಂಬಣ್ಣ ಕೊಟ್ಟ ಹಳೇ ಎಕ್ಸ್‌ರೇ. ಯಾರ್ಯಾರದೋ ಪಕ್ಕೆಲುಬು, ಮೊಣಕಾಲು. ಬಿಸಿನೀರಿಗೆ ಬಟ್ಟೆ ಒಗೆಯೋ ಸೋಡಾ ಹಾಕಿ ಉಜ್ಜಿದ್ರೆ ಮೂಳೆ ಎಲ್ಲ ಹೋಗಿ ತಿಳಿನೀಲಿ ಹಾಳೆ ಉಳಿಯುತ್ತೆ. ಆ ಬಕೆಟ್ ವಾಸನೆಗೆ ಮನೆ ಓನರಮ್ಮ ಇಂದ್ರಮ್ಮ ರೂಮು ಖಾಲಿ ಮಾಡು ಅಂದ್ರು. ಈ ತಿಮ್ಮಯ್ಯ ಜಗ್ಗಲಿಲ್ಲ. ರಾಜಾಜಿನಗರದಲ್ಲಿ ಇಂಥ ಕೆಲಸ ಮಾಡೋನು ಇನ್ನೊಬ್ಬನ್ನ ತೋರಿಸು, ಮೀಸೆ ಬೋಳಿಸ್ತೀನಿ.

ತರ್ತೀನಿ ಇರು. ಬೆಳಕು ಸರಿ ಬರಲಿ. ಬಿಸಿಲು ಕಿಟಕಿಗೆ ಬರಬೇಕು... ಬಂದಿದೆಯಾ? ಇನ್ನೂ ಸ್ವಲ್ಪ ಬರಲಿ.

ಕಥೆ ಹೇಳ್ತೀನಿ ಕೇಳು. ಒಂದು ಎಮ್ಮೆ ರಸ್ತೆ ಮಧ್ಯೆ ಮಲಗಿದೆ. ಬಸ್ಸು, ಲಾರಿ, ಜನ, ಎಲ್ಲಾ ನಿಂತಿದಾರೆ. ಎಮ್ಮೆ ಎದ್ದು ಹೋಗಬೇಕು, ಅಷ್ಟೇ. ಎಮ್ಮೆ ಹೆಂಗೆ ಏಳುತ್ತೆ ಗೊತ್ತಾ ನಿಂಗೆ? ಹೇಳು ನೋಡೋಣ. ಗೊತ್ತಿಲ್ಲ. ಸಿಟಿಯೋರು ಹಾಲು ಕುಡಿಯೋಕಷ್ಟೇ. ಇಗೋ ನೋಡು, ನೆಲಕ್ಕೆ ಕೂತೇ ತೋರಿಸ್ತೀನಿ. ಮೊದಲು ಮುಂದಿನ ಮಂಡಿ ಊರುತ್ತೆ. ತಲೆ ಮುಂದಕ್ಕೆ ಎಸೆಯುತ್ತೆ. ಆಮೇಲೆ ಹಿಂದಿನ ಕಾಲು, ಬೆನ್ನೆಲ್ಲ ಇಳಿಜಾರು, ಹಿಂಗೆ... ಕೊನೇಲಿ ಮುಂದಿನದು. ಯಾಕೆ ನಗ್ತೀಯ? ನಗು. ಚೆನ್ನಾಗಿ ನಗು.

ಅವತ್ತೂ ನೀನು ಹಿಂಗೇ ನಕ್ಕಿದ್ದೆ. ಥಿಯೇಟರಲ್ಲಿ, ಪಿಕ್ಚರ್ ಶುರುವಾಗೋ ಮುಂಚೆ ಬಿಟ್ರಲ್ಲ, ಫಾರಿನ್ ಬೊಂಬೆ ಚಿತ್ರ, ಕುದುರೇದು. ನೀನು ಹೊಟ್ಟೆ ಹಿಡ್ಕೊಂಡು ನಗ್ತಿದ್ದೆ. ನಾನು ನಗಲಿಲ್ಲ. ಅದರ ಬಾಲದ ಕೂದಲು ಗಾಳಿಗೆ ಒಂದೊಂದಾಗಿ ಏಳ್ತಿತ್ತು ಕಣೋ. ಯಾವ ನನ್ಮಗ ಬರೆದನೋ. ರೂಮಿಗೆ ಬಂದು ನನ್ನ ಹಾಳೆ ತೆಗೆದು ತೋರಿಸಿದೆ. ನೀನೇನಂದೆ, ನೆನಪಿದೆಯಾ? 'ಇದು ಎಮ್ಮೆನಾ, ಮಂಚನಾ?'

ನೀನು ತಮಾಷೆಗೆ ಅಂದೆ, ಗೊತ್ತು. ನಾನೂ ನಕ್ಕೆನಲ್ಲ. ಒಂದು ಮಾತಿಗೆ ಬಿದ್ದುಹೋಗೋನಾ ನಾನು? ನಮ್ಮೂರ ಗುಡಿ ಗೋಡೆ ಮೇಲೆ ನಾನು ಬರೆದ ಹೋರಿ ನೋಡಿ ನಿಜವಾದ ಹೋರಿ ಗುಟುರು ಹಾಕಿತ್ತು. ನೀಲಗಂಗಮ್ಮಜ್ಜಿ ಇನ್ನೂ ಹೇಳ್ತಾಳೆ.

ಎಲ್ಲಿಗೆ ಎದ್ದೆ? ಟ್ರಂಕ್ ಬೇಡ. ನಾನೇ ತೆಗೀತೀನಿ, ಕೂತ್ಕೊ. ಒದ್ದೆ ಕೈ ನಿಂದು, ಕಲೆ ಆಗುತ್ತೆ... ಸೋಮಲಿಂಗ. ಬಿಡೋ ಅದನ್ನ.

...

ಬಟ್ಟೆ ಕೆಳಗಿದೆ. ಅಷ್ಟೇ. ಅಡಿಯಲ್ಲೇನೂ ಇಲ್ಲ, ಹುಡುಕಬೇಡ.

ಹದಿನೆಂಟು ಹಾಳೆ. ಜಂಬಣ್ಣ ಕೊಟ್ಟಿದ್ದೇ ಅಷ್ಟು, ಆಮೇಲೆ ಅವನು ಬಿನ್ನಿಪೇಟೆ ಕಡೆ ಬೇರೆ ಕೆಲಸಕ್ಕೆ ಹೋದ. ಒಂದು ಹಾಳೆಗೆ ಒಂದು ಸಲ ಗುಂಡಿ ಒತ್ತಿದ್ರೆ ಹದಿನೆಂಟಕ್ಕೆ ಒಂದು ಸೆಕೆಂಡಿನ ಚಿತ್ರ. ನಿಂಗೇ ಗೊತ್ತಲ್ಲ, ಕ್ಯಾಮೆರಾ ನಿಮ್ದು. ಕ್ಯಾಮೆರಾ ಸಿಗೋ ತನಕ ಆ ಒಂದು ಸೆಕೆಂಡಾದ್ರೂ ಇಟ್ಕೋಬೇಕಿತ್ತು. ಇಟ್ಕೊಳ್ಳಲಿಲ್ಲ.

ಹೂಂ, ಖಾಲಿ. ಎಲ್ಲಾ ಖಾಲಿ. ಕಡೇ ಸಲ ತೊಳೆದಿದ್ದು ಮೊನ್ನೆ, ಕ್ಯಾಮೆರಾ ತರ್ತೀನಿ ಅಂತ ನೀನು ಹೇಳಿ ಹೋದ ಮೇಲೆ. ಬರೆದಾಗ ಚೆನ್ನಾಗೇ ಇರುತ್ತೆ. ಆಮೇಲೆ ಕಾಲು ನಾಲ್ಕೂ ಮಂಚದ ಕಾಲಾಗ್ತವೆ. ಬಕೆಟ್ ತಗೊಂಡು ತೊಳೆದುಬಿಡ್ತೀನಿ.

ಬಿಸಿಲಿಗೆ ಯಾಕೆ ಹಿಡೀತೀಯ? ಅದು ಬಣ್ಣ ಅಲ್ಲ, ಗೀರು. ಬಣ್ಣ ತೊಳೆದ್ರೆ ಹೋಗುತ್ತೆ, ನಿಬ್ಬಿನ ಗೀರು ಹೋಗಲ್ಲ. ಒಂದರ ಮೇಲೊಂದು, ಎಷ್ಟು ಎಮ್ಮೆ ಇದಾವೋ ನಂಗೂ ಲೆಕ್ಕ ಇಲ್ಲ. ಎಲ್ಲಾ ಮಂಡಿ ಊರಿವೆ, ನೋಡು. ಹಿಂದಿನ ಕಾಲು ಎದ್ದಿದೆ. ಮುಂದಿನ ಕಾಲು ಒಂದರದೂ ಇಲ್ಲ. ಅಲ್ಲಿಗೆ ಬರೋ ಹೊತ್ತಿಗೆ ತೊಳೆದಿರ್ತಿದ್ದೆ.

ಏನಾದ್ರೂ ಅನ್ನು ಮಗಾ. ಸುಳ್ಳ ಅನ್ನು. ಹಳ್ಳಿ ಗಮಾರ ಅನ್ನು. ಹಿಂಗೆ ಸುಮ್ನೆ ನಿಂತ್ಕೊಂಡು ನೋಡಬೇಡ.

ಇದು ಎಮ್ಮೆನಾ ಮಂಚನಾ ಅಂತಾದ್ರೂ ಕೇಳೋ.