ವ್ಯಾಸರಾಜರಾಯರ ಸನದು ಅಮಾನತ್ತಿನಲ್ಲಿದ್ದ ಆರು ತಿಂಗಳು

ಮಾನ್ಯ ಸಭೆಯ ಸನ್ನಿಧಿಗೆ, ಕೆಳಗೆ ಸಹಿ ಮಾಡಿರುವ ಪ್ಲೀಡರ್ ಚನ್ನಯ್ಯನು ಅರಿಕೆ ಮಾಡಿಕೊಳ್ಳುವ ವಿವರಗಳು ಏನೆಂದರೆ —

೧. ದಿವಂಗತರ ಹೆಸರು: ವ್ಯಾಸರಾಜರಾಯರು, ತಂದೆ ವೆಂಕೋಬರಾಯರು, ಹೊಸಪೇಟೆ ಕಸಬಾ ನಿವಾಸಿ.
೨. ವೃತ್ತಿ: ಇದೇ ಊರಿನ ಮುನ್ಸೀಫ್ ಕೋರ್ಟಿನಲ್ಲಿ ಪ್ಲೀಡರ್.
೩. ಕಾಲವಾದದ್ದು: ಸನ್ ೧೯೩೯ನೆಯ ಇಸವಿ, ಮಾಘ ಬಹುಳದಲ್ಲಿ, ಸ್ವಗೃಹದಲ್ಲಿ.
೪. ವಕೀಲಿ ನಡೆಸುವ ಸನದು ಅಮಾನತ್ತಿನಲ್ಲಿದ್ದ ಅವಧಿ: ಆರು ತಿಂಗಳು. ಕಾರಣ: ಕಕ್ಷಿಗಾರಳ ದಾವೆಯ ದಿನ ಗೈರುಹಾಜರಿ.

ಅಧ್ಯಕ್ಷತೆ ವಹಿಸಿರುವ ಮುನ್ಸೀಫ್ ಸಾಹೇಬರೆ, ವೃತ್ತಿಬಾಂಧವರೆ, ರಾಯರ ಪತ್ನಿ ತಾಯಿ ರಾಧಾಬಾಯಿಯವರೆ, ಅವರ ಮಗ ಚಿರಂಜೀವಿ ಕಮಲಾಕರ — ತಮ್ಮೆಲ್ಲರಿಗೂ ನನ್ನ ನಮಸ್ಕಾರಗಳು.

ನಾಲ್ಕನೆಯ ಕಲಮು ಓದಿದಾಗ ಮುಂದಿನ ಸಾಲಿನಲ್ಲಿ ಒಂದಿಬ್ಬರು ನೆಲ ನೋಡಿದ್ದನ್ನು ಕಂಡೆ. ಬೆಳಿಗ್ಗೆಯೇ ನನಗೆ ಹೇಳಿದ್ದರು — ತೀರಿಕೊಂಡವರ ಸಭೆಯಲ್ಲಿ ಅದನ್ನು ಎತ್ತಬ್ಯಾಡ್ರಿ ಚನ್ನಯ್ಯನವರ, ಬಿಟ್ಟುಬಿಡ್ರಿ ಎಂದು. ಬಿಟ್ಟುಬಿಡಬಹುದಿತ್ತು. ಆದರೆ ಈ ಕಮಲಾಕರ ಬರುವ ತಿಂಗಳು ಇದೇ ಕೋರ್ಟಿನಲ್ಲಿ ಮೊದಲ ವಕಾಲತ್ತು ಹಾಕುವವನು. ಅವನ ಬೆನ್ನ ಹಿಂದೆ 'ಸನದು ಕಳಕೊಂಡವರ ಮಗ' ಎಂಬ ಮಾತು ಈಗಾಗಲೇ ಓಡಾಡುತ್ತಿದೆ. ಅರ್ಧ ಗೊತ್ತಿದ್ದವರ ಮಾತು ಅದು. ಪೂರ್ತಿ ಗೊತ್ತಿದ್ದವನು ನಾನಿನ್ನೂ ಬದುಕಿದ್ದೇನೆ. ತಾಯಿಯವರನ್ನು ಕೇಳಿದೆ. "ಹೇಳ್ರಿ," ಅಂದರು, "ಆ ಆರು ತಿಂಗಳೂ ಅವರು ಮನ್ಯಾಗ ತಲಿ ಎತ್ತಿಗೊಂಡೇ ತಿರುಗ್ಯಾರ."

ಆದ್ದರಿಂದ ಹೇಳುತ್ತೇನೆ.

ನಾನು ದೊಡ್ಡ ವಕೀಲರೊಬ್ಬರ ಕಚೇರಿಯಲ್ಲಿ ಅರ್ಜಿ ನಕಲು ಮಾಡುತ್ತ ಕೈ ಪಳಗಿಸಿಕೊಂಡವನು. ಬಳ್ಳಾರಿ ಜಿಲ್ಲೆಯಲ್ಲಿ ನನ್ನಂತೆ ಅರ್ಜಿ ಬರೆಯುವ ಕೈ ಇನ್ನೊಂದಿಲ್ಲ — ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ, ರಾಯರೂ ಒಪ್ಪಿದ್ದರು. ಅವರ ಬರವಣಿಗೆ ಕಾಗೆಯ ಕಾಲು. ಅವರ ಬಲವೆಲ್ಲ ಗಂಟಲಿನಲ್ಲಿ. ಬೆಳಿಗ್ಗೆ ಕಾಲುವೆಯ ದಂಡೆ ಹಿಡಿದು ಕೋರ್ಟಿಗೆ ನಡೆದು ಬರುವಾಗ ಅಂದಿನ ವಾದವನ್ನು ಜೋರಾಗಿ ಹೇಳಿಕೊಳ್ಳುತ್ತ ಬರುವರು. ಮುನ್ಸೀಫರಿಗಿಂತ ಮೊದಲು ಅಲ್ಲಿ ಬಟ್ಟೆ ಒಗೆಯುವವರಿಗೆ ತೀರ್ಪು ಗೊತ್ತಾಗಿಬಿಡುತ್ತಿತ್ತು. ಒಮ್ಮೆ ಎರ್ರಮ್ಮ ಎಂಬ ಮಡಿವಾಳರ ಮುದುಕಿ ಬಟ್ಟೆ ಹಿಂಡುತ್ತಲೇ ಹೇಳಿದಳಂತೆ, "ಇವತ್ತಿಂದು ಗೆಲ್ಲಾಂಗಿಲ್ಲ ಬಿಡ್ರಿ ರಾಯರ, ಎದುರಿನವಂದ ಖರೆ ಕಾಣತೈತಿ." ಸಂಜೆ ಸೋತು ಬಂದು ನಮಗೆ ತಾವೇ ಹೇಳಿ ನಕ್ಕರು.

ಎಂಥ ದಿನಗಳವು! ಪಾಪಿನಾಯಕನಹಳ್ಳಿ, ಗಾದಿಗನೂರು ಕಡೆಯ ಬಂಡಿಗಳು ಕೋರ್ಟಿನ ಅಂಗಳದ ಬೇವಿನ ಮರದ ಕೆಳಗೆ ಎತ್ತುಗಳ ಕೊರಳು ಬಿಚ್ಚಿ ನಿಲ್ಲುತ್ತಿದ್ದವು. ಬುತ್ತಿ ಬಿಚ್ಚಿದರೆ ರೊಟ್ಟಿಯ ವಾಸನೆ ಪಂಖದ ಗಾಳಿಯೊಡನೆ ಒಳಗೆ ಬಂದು, ವಾದಿಸುತ್ತಿದ್ದವರಿಗೂ ಹಸಿವಾಗುತ್ತಿತ್ತು.

ಆದರೆ ಆ ಮರದ ಕೆಳಗೆ ನಮ್ಮದೊಂದು ಪದ್ಧತಿಯಿತ್ತು. ಹಿರಿಯರಿಗೆ ನೆನಪಿರಬೇಕು. ಕಕ್ಷಿಗಾರ ಒಳಗೆ ಬಂದರೆ ನ್ಯಾಯಾಧೀಶರ ಮುಂದೆ ಏನಾದರೂ ಅಂದು ಕೇಸು ಕೆಡಿಸುತ್ತಾನೆಂದು ನಾವೆಲ್ಲ ಕಟ್ಟುನಿಟ್ಟಾಗಿ ಹೇಳುತ್ತಿದ್ದೆವು — 'ಇಲ್ಲೇ ಕುಂದ್ರಿ, ಯಾರು ಕೂಗಿದ್ರೂ ಏಳಬ್ಯಾಡ್ರಿ, ನಾವು ಬಂದು ಕರದಾಗಷ್ಟ ಏಳ್ರಿ.'

ಬುಕ್ಕಸಾಗರದ ವಿರುಪಮ್ಮ ಹಾಗೆಯೇ ಕುಳಿತಿದ್ದಳು. ಗಂಡ ತೀರಿದ ಮೇಲೆ ಮೈದುನ ಅಂದಾನಪ್ಪ ಅವಳ ಭತ್ತದ ಗದ್ದೆಯನ್ನು ಉಳಲು ತೊಡಗಿದ್ದ. ಗದ್ದೆ ಬಿಡಿಸಿಕೊಡಿರೆಂದು ಅವಳ ದಾವಾ. ವಕೀಲರು ನಮ್ಮ ರಾಯರು. ಅಂದು ಬೆಳಿಗ್ಗೆ ಕಂಪ್ಲಿಯ ಅಕ್ಕಿ ಗಿರಣಿಯ ಜಡೆಪ್ಪನವರು ಆಗ ತಾನೇ ಕೊಂಡ ಮೋಟಾರು ಕಳಿಸಿದರು — ಪಾಲುದಾರರ ಜಗಳ, ಬಂದು ಬಗೆಹರಿಸಿರಿ ಎಂದು. ಹಳೆಯ ದಾವೆಗಳು ಮಧ್ಯಾಹ್ನದ ಮೇಲೆ ಬರುವುದು ರೂಢಿ, ಅಷ್ಟರಲ್ಲಿ ಬಂದುಬಿಡುತ್ತೇನೆಂದು ರಾಯರು ಹತ್ತಿದರು. ಯಾರಿಗೂ ಹೇಳಿ ಹೋಗಲಿಲ್ಲ.

ಮುನ್ಸೀಫರು ಅಂದು ಹಳೆಯವನ್ನೇ ಮೊದಲು ತೆಗೆದರು. ಜವಾನ ಬಾಗಿಲಲ್ಲಿ ನಿಂತು ಮೂರು ಸಲ ಕೂಗಿದ. ವಿರುಪಮ್ಮ ತನ್ನ ಹೆಸರು ಕೇಳಿಸಿಕೊಂಡಳು — ಕುಳಿತೇ ಇದ್ದಳು. ದಾವಾ ವಜಾ ಆಯಿತು. ಹಾಗೆ ವಜಾ ಆದರೆ ಅದೇ ಗದ್ದೆಗೆ ಎರಡನೆಯ ದಾವಾ ಹಾಕುವಂತಿಲ್ಲ. ಇದು ಹೊರಗಿನವರಿಗಾಗಿ ಹೇಳುತ್ತಿದ್ದೇನೆ. ತಕ್ಕ ಕಾರಣ ತೋರಿಸಿ ಹಳೆಯದನ್ನೇ ಎತ್ತಿ ನಿಲ್ಲಿಸಬೇಕು. ಇಲ್ಲವೇ ಗದ್ದೆ ಹೋಯಿತು.

ಮರುದಿನ ವಕೀಲರ ಸಂಘದ ಇದೇ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಒಬ್ಬ ಹಿರಿಯರು — ಹೆಸರು ಬೇಡ, ಅವರೂ ಈಗಿಲ್ಲ — ದಾರಿ ತೋರಿಸಿದರು. ಜ್ವರ ಬಂದಿತ್ತೆಂದು ಬರೀರಿ, ವೈದ್ಯರ ಚೀಟಿ ತರಿಸೋಣ, ಕೇಸೂ ಉಳೀತದ, ಹೆಸರೂ ಉಳೀತದ. ಹೌದೆಂದು ತಲೆಗಳು ಆಡಿದವು. ರಾಯರು ನಶ್ಯ ಏರಿಸಿ ಕೇಳಿದರು.

"ಜ್ವರ ನನಗ ಬಂದಿತ್ತು, ಸರಿ. ಅಂಗಳದಾಗ ಇದ್ದಾಕಿ ಯಾಕ ಎದ್ದು ಬರಲಿಲ್ಲ ಅಂತ ಕೇಳಿದ್ರ? ಆಗ ತಪ್ಪು ಯಾರದಾತು — ಆಕೀದ ಆತಲ್ಲ?"

ಆಮೇಲೆ ಅದೇ ಹಿರಿಯರು ಸಿಟ್ಟಾದರು. ನಿಜ ಬರೆದರೆ ಮರದ ಕೆಳಗಿನ ಪದ್ಧತಿಯೂ ಬಯಲಾಗುತ್ತದೆ, ನಮ್ಮೆಲ್ಲರ ಮಾನವನ್ನೂ ನಿಮ್ಮ ಅರ್ಜಿಗೆ ಕಟ್ಟುತ್ತೀರಾ ಎಂದರು. ರಾಯರು ನನ್ನ ಕಡೆ ತಿರುಗಿ, ಲೇಖಣಿ ತಗೋರಿ ಚನ್ನಯ್ಯನವರ ಎಂದರು.

ಬರೆದೆ. ಹೇಗೆ ಬರೆದೆ ಅಂತೀರಿ! 'ದೈವಯೋಗದಿಂದಲೂ ಅನಿವಾರ್ಯವಾದ ಸಂದರ್ಭಗಳ ಒತ್ತಡದಿಂದಲೂ ಅರ್ಜಿದಾರಳ ವಕೀಲರು ಸಕಾಲದಲ್ಲಿ ಸನ್ನಿಧಿಗೆ ಹಾಜರಾಗಲಾರದೆ' — ಓದಿ ತೋರಿಸಿದೆ. ರಾಯರು ಕಣ್ಣು ಮುಚ್ಚಿ ಕೇಳಿದರು.

"ಭಾಳ ಚಂದ ಅದ. ಆದ್ರ ದೈವಕ್ಕ ಯಾಕ ಸಮನ್ಸ್ ಕಳಸ್ತೀರಿ? ಕಂಪ್ಲಿಗೆ ಹೋಗಿದ್ದೆ ಅಂತ ಬರೀರಿ. ಯಾರಿಗೂ ಹೇಳಿ ಹೋಗಲಿಲ್ಲ ಅಂತ ಬರೀರಿ. ಏಳಬ್ಯಾಡ ಅಂದಾಂವ ನಾನ ಅಂತ ಬರೀರಿ."

ನನ್ನ ಕೈಯಿಂದ ಹೊರಟ ಅರ್ಜಿಗಳಲ್ಲಿ ಅಷ್ಟು ಬೋಳು ಅರ್ಜಿ ಇನ್ನೊಂದಿಲ್ಲ. ನನಗೆ ಬೇಜಾರಾಗಿತ್ತು. ಈಗ ಇಲ್ಲ.

ವಿಚಾರಣೆಯ ದಿನ ಮುನ್ಸೀಫರು ವಿರುಪಮ್ಮನನ್ನೇ ಕೇಳಿದರು: ಹೆಸರು ಕೂಗಿದ್ದು ಕೇಳಿಸಿತೆ?

"ಕೇಳಿಸ್ತರಿ ಸ್ವಾಮಿ. ಏಳಬೇಕು ಅಂತ ಕಾಲು ತುಡೀತಿತ್ತು. ಎದ್ರ ವಕೀಲರ ಮಾತು ಮೀರಿದಂಗ ಆಗ್ತದಂತ ಸೆರಗು ಹಿಡಕೊಂಡು ಕುಂತೆ."

ಪಂಖ ಎಳೆಯುವವನೂ ಕೈ ನಿಲ್ಲಿಸಿದ. ಮುನ್ಸೀಫರು ದಾವೆಯನ್ನು ಮತ್ತೆ ಎತ್ತಿ ನಿಲ್ಲಿಸಿದರು. ಜೊತೆಗೆ, ವಕೀಲರ ನಡತೆಯ ಬಗ್ಗೆ ಬಳ್ಳಾರಿಯ ಜಿಲ್ಲಾ ಜಡ್ಜರಿಗೆ ವರದಿ ಬರೆದರು. ಬರೆಯಲೇಬೇಕಿತ್ತು. ಮದ್ರಾಸಿನ ಹೈಕೋರ್ಟಿನಿಂದ ಆಜ್ಞೆ ಬಂತು — ಆರು ತಿಂಗಳು ಸನದು ಅಮಾನತ್ತು. ರಾಯರು ವಿರುಪಮ್ಮನ ವಕಾಲತ್ತನ್ನು ನನ್ನ ಹೆಸರಿಗೆ ಮಾಡಿಸಿದರು. ಜಡೆಪ್ಪನವರು ಕಂಪ್ಲಿಯಿಂದ ಬಂದು, ನಮ್ಮೂರಿಗೆ ಬಂದು ನಿಮಗ ಈ ಗತಿ ಆತಲ್ಲರಿ ಎಂದು ಪೇಚಾಡಿದರು. "ನಿಮ್ಮ ಮನೀ ಊಟ ಚಲೋ ಇತ್ತು," ಎಂದರು ರಾಯರು, "ಚನ್ನಯ್ಯನವರು ಅದನ್ನಷ್ಟ ಬರೀಲಿಲ್ಲ."

ಇನ್ನೊಂದು ದಿನದ ಮಾತು ಹೇಳಿ ಮುಗಿಸುತ್ತೇನೆ. ದಾವಾ ಕೊನೆಯ ವಿಚಾರಣೆಗೆ ಬಂದಿತ್ತು. ನಾನು ಒಳಗೆ ಕಾಗದ ಜೋಡಿಸಿಕೊಳ್ಳುತ್ತಿದ್ದೆ. ಕಿಟಕಿಯಿಂದ ನೋಡುತ್ತೇನೆ — ರಾಯರು ಕರಿಕೋಟಿಲ್ಲದೆ, ಹೆಗಲ ಮೇಲೆ ಶಲ್ಯ ಹಾಕಿಕೊಂಡು, ಬೇವಿನ ಮರದ ಕೆಳಗೆ ವಿರುಪಮ್ಮನ ಪಕ್ಕದ ಕಲ್ಲಿನ ಮೇಲೆ ಕುಳಿತಿದ್ದಾರೆ. ಎದುರು ಕಡೆಯ ಅಂದಾನಪ್ಪ ಬೀಡಿ ಸೇದುತ್ತ, ವಕೀಲಕಿ ಬಿಟ್ಟು ಹೊಲಾ ಕಾಯಾಕ ಹತ್ತೀರೇನು ಎಂದು ಕೇಳಿದ. ಜವಾನ ಹೆಸರು ಕೂಗಿದ. ಮೊದಲ ಕೂಗಿಗೇ ರಾಯರು ಎದ್ದರು.

"ಏಳ್ರಿ ಯಮ್ಮಾ. ನಿಮ್ಮ ಹೆಸರು."

ಬಾಗಿಲತನಕ ಬಂದರು. ಸನದಿಲ್ಲದೆ ಒಳಗೆ ವಕೀಲರ ಸಾಲಿಗೆ ಬರುವಂತಿರಲಿಲ್ಲ. ಹೊಸ್ತಿಲಾಚೆ ನಿಂತೇ ಪೂರ್ತಿ ಕೇಳಿದರು. ಗದ್ದೆ ಬಂತು.

ಕಮಲಾಕರ, ನಿಮ್ಮ ತಂದೆ ತಪ್ಪು ಮಾಡಿದ್ದು ನಿಜ. ಶಿಕ್ಷೆ ಸರಿಯಾಗಿತ್ತೆಂದು ಅವರೇ ಹೇಳುತ್ತಿದ್ದರು. ಯಾರಾದರೂ ಕೇಳಿದರೆ ನಾಲ್ಕನೆಯ ಕಲಮನ್ನು ನೀನೇ ಮೊದಲು ಓದು.

ಸಭಿಕರೆ, ಈಗ ಮೌನಾಚರಣೆ. ಅದಕ್ಕೆ ಮೊದಲು ಒಂದು ಬಿನ್ನಹ. ಹೊರಗೆ ಜಗುಲಿಯ ಮೇಲೆ ಬುಕ್ಕಸಾಗರದವರು, ಗಾದಿಗನೂರಿನವರು ಕುಳಿತಿದ್ದಾರೆ. ಇದು ವಕೀಲರ ಸಭೆ, ನಾವು ಇಲ್ಲೇ ಇರತೀವಿ ಎಂದರಂತೆ. ದಯಮಾಡಿ ಬಾಗಿಲ ಬಳಿ ನಿಂತವರು ದಾರಿ ಬಿಡಿ — ಆ ಕುರ್ಚಿಗಳನ್ನು ಸರಿಸಿ — ಒಳಗ ಬರ್ರಿ ವಿರುಪಮ್ಮ, ಮುಂದ ಬರ್ರಿ, ಇಲ್ಲಿ ರಾಧಾಬಾಯಿಯವರ ಹತ್ತಿರ.

ಎಲ್ಲರೂ ಒಳಗೆ ಬಂದಿರಾ? ಹಾಗಾದರೆ ತಾವೆಲ್ಲರೂ ಎದ್ದು, ರಾಯರನ್ನು ನೆನೆದು ಒಂದು ನಿಮಿಷ ಮೌನವಾಗಿ ನಿಲ್ಲಬೇಕೆಂದು ಕೋರುತ್ತೇನೆ.

(ಸಹಿ) ಚನ್ನಯ್ಯ, ಪ್ಲೀಡರ್, ಹೊಸಪೇಟೆ
ಲಗತ್ತು: ವಕೀಲರ ಸಂಘದ ಸಂತಾಪ ನಿರ್ಣಯದ ನಕಲು — ಒಂದು, ಶ್ರೀಮತಿ ರಾಧಾಬಾಯಿಯವರಿಗೆ.